ಹನ್ನೊಂದು ಗಂಟೆಯ ಗಂಜಿ

ನಮ್ಮ ಬಿಲ್ಡಿಂಗಿನ ಗೇಟಿನ ಪಕ್ಕ ಒಂದು ಕಪ್ಪು ಹಲಗೆ ಇದೆ. ನೀರು ಬಾರದ ದಿನ, ಲಿಫ್ಟ್ ಕೆಟ್ಟ ದಿನ, ಸೊಸೈಟಿಯ ಮೀಟಿಂಗು, ಯಾರಾದರೂ ತೀರಿಕೊಂಡರೆ ಅದೂ, ಎಲ್ಲವನ್ನೂ ಅಲ್ಲೇ ಬರೆಯುತ್ತಾರೆ. ಹೋದ ತಿಂಗಳು ಒಂದು ಬೆಳಿಗ್ಗೆ ಹಾಲಿನ ತೊಟ್ಟೆ ತರಲು ಕೆಳಗಿಳಿದಾಗ ಅದರ ಮೇಲೆ ಅವರ ಹೆಸರಿತ್ತು. ಹೆಸರಿನ ಕೆಳಗೆ ವಯಸ್ಸು ಎಂಬತ್ತೈದು ಎಂದಿತ್ತು. ಮೂವತ್ತು ವರ್ಷ ಮುನಿಸಿಪಲ್ ಕನ್ನಡ ಶಾಲೆಯಲ್ಲಿ ಪಾಠ ಹೇಳಿದವಳು ನಾನು. ಹಲಗೆಯ ಮೇಲೆ ತಪ್ಪು ಕಂಡರೆ ಕೈ ತಾನಾಗಿ ಸೀಮೆಸುಣ್ಣ ಹುಡುಕುತ್ತದೆ. ಅವತ್ತೂ ಹುಡುಕಿತು. ಅಲ್ಲಿದ್ದ ವಯಸ್ಸೂ ತಪ್ಪು, ಹೆಸರೂ ತಪ್ಪು. ಅದು ಗೊತ್ತಿದ್ದದ್ದು ಇಡೀ ಚೆಂಬೂರಿನಲ್ಲಿ ನನಗೊಬ್ಬಳಿಗೆ. ಆದರೆ ಮಾತು ಕೊಟ್ಟಿದ್ದೆ, ತಿದ್ದಲಿಲ್ಲ. ಹಾಲು ತೆಗೆದುಕೊಂಡು ಮೇಲೆ ಬಂದು ನಮ್ಮವರನ್ನು ಎಬ್ಬಿಸಿ ವಿಷಯ ಹೇಳಿದೆ.

ಇಲ್ಲಿಯೂ ಅವರ ಹೆಸರು ಬರೆಯುವುದಿಲ್ಲ. ನಮ್ಮವರು ಅವರನ್ನು 'ಅಣ್ಣ' ಎನ್ನುತ್ತಿದ್ದರು. ಗಂಡನಿಗೆ ಅಣ್ಣನಾದ ಮೇಲೆ ನನಗೆ ಭಾವ. ಅವರು ನನ್ನನ್ನು 'ತಂಗಿ' ಎಂದು ಕರೆದು 'ನೀನು' ಎಂದೇ ಮಾತಾಡುತ್ತಿದ್ದರು. ಮೊದಮೊದಲು ನನಗೆ ಮೈ ಉರಿಯುತ್ತಿತ್ತು. ಶಾಲೆಯಲ್ಲಿ ಹೆಡ್‌ಮಾಸ್ಟರು ಕೂಡ ನನ್ನನ್ನು 'ಟೀಚರ್, ನೀವು' ಎನ್ನುತ್ತಿದ್ದರು. ಈ ಕೆಳಗಿನ ಮನೆಯವರು ಬಂದ ಮೂರನೇ ದಿನವೇ ನೀನು ತಾನು ಶುರು ಮಾಡಿಬಿಟ್ಟರಲ್ಲ ಎಂದು. ಎಪ್ಪತ್ತರ ಹತ್ತಿರದ ಹಿರಿಯರು, ನಮ್ಮ ಉಡುಪಿ ಕಡೆಯವರು ಬೇರೆ, ಏನು ಹೇಳುವುದು ಎಂದು ಸುಮ್ಮನಾದೆ. ಆಮೇಲೆ ಅದೇ ಅಭ್ಯಾಸವಾಯಿತು.

ಹೆಂಡತಿ ತೀರಿಹೋದ ಮೇಲೆ ಅವರು ಮಗಳ ಜೊತೆ ನಮ್ಮ ಬಿಲ್ಡಿಂಗಿನ ಕೆಳಮನೆಯಲ್ಲಿದ್ದರು. ಎಳವೆಯಲ್ಲಿ ಮಾಟುಂಗದ ಒಂದು ಹೋಟೆಲಿನಲ್ಲಿ ಅಡುಗೆ ಕಲಿತು, ಆಮೇಲೆ ಚೆಂಬೂರಿನ ಆಚೆಯ ಒಂದು ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ನಿವೃತ್ತಿಯವರೆಗೂ ಅಡುಗೆ ಮಾಡಿದವರು. ಲಿಫ್ಟ್ ಕೆಟ್ಟ ದಿನ ನಾಲ್ಕನೇ ಮಹಡಿಯ ನಮ್ಮ ಮನೆಗೆ, ಎರಡು ಕೈಯಲ್ಲಿ ಎರಡೆರಡು ತೆಂಗಿನಕಾಯಿ ಹಿಡಿದುಕೊಂಡು, ಏದುಸಿರು ಬಿಡದೆ ಹತ್ತಿ ಬರುತ್ತಿದ್ದರು. ತಲೆಕೂದಲು ಮುಕ್ಕಾಲು ಪಾಲು ಕಪ್ಪು. "ಡೈ ಹಾಕುದಿಲ್ಲ ಮಾರಾಯ್ರೆ, ಬೇಕಾದ್ರೆ ಎಳೆದು ನೋಡಿ" ಎಂದು ತಲೆ ಬಗ್ಗಿಸುತ್ತಿದ್ದರು. ಗಾರ್ಡನ್ನಿನಲ್ಲಿ ಒಬ್ಬ ಗುಜರಾತಿ ಮುದುಕ ನಿಜವಾಗಿಯೂ ಎಳೆದು, ಬೆರಳಿಗೆ ಉಗುಳು ಹಚ್ಚಿ ಉಜ್ಜಿ ನೋಡಿದ್ದನ್ನು ನಾನೇ ಕಂಡಿದ್ದೇನೆ.

ಯಾರ ಮನೆಗೆ ಹೋದರೂ ಅವರು ಹೊರಗಿನ ಕೋಣೆಯಲ್ಲಿ ಕೂರುತ್ತಿರಲಿಲ್ಲ, ಸೀದಾ ಅಡುಗೆಮನೆಗೆ. ಒಲೆಯ ಮೇಲಿದ್ದ ಪಾತ್ರೆಯ ಮುಚ್ಚಳ ತೆಗೆದು, ಸೌಟಿನಿಂದ ಒಂದು ತೊಟ್ಟು ಎಡ ಅಂಗೈಗೆ ಬಿಟ್ಟುಕೊಂಡು ನೆಕ್ಕಿ ಕಣ್ಣು ಮುಚ್ಚುತ್ತಿದ್ದರು. ಚಮಚದಲ್ಲಿ ನೋಡಿದರೆ ಚಮಚದ ರುಚಿ ಬರುತ್ತದಂತೆ. ಆಮೇಲೆ ತೀರ್ಪು. "ಹುಳಿ ಮುಂದೆ ಉಂಟು ತಂಗಿ, ಉಪ್ಪು ಹಿಂದೆ ಉಂಟು." ಒಮ್ಮೆ ನಾನು ಸೊಸೈಟಿಯ ಸೆಕ್ರೆಟರಿಯ ಮೇಲೆ ಕೂಗಾಡಿ ಬಂದಾಗ, "ಬೆಂಕಿ ಸಣ್ಣ ಮಾಡು ಮಾರಾಯ್ತಿ, ಸಾರಿಗೂ ಮಾತಿಗೂ" ಎಂದಿದ್ದರು. ಆ ಮಾತು ಈಗಲೂ ಬೇಕಾಗುತ್ತದೆ, ವಾರಕ್ಕೆರಡು ಸಲ.

ಬೆಳಿಗ್ಗೆ ಆರೂವರೆಗೆ ಗಾರ್ಡನ್ನಿನಲ್ಲಿ ನಮ್ಮದೊಂದು ಗುಂಪು ವಾಕಿಂಗ್ ಮಾಡುತ್ತದೆ. ನಾಲ್ಕು ಸುತ್ತು ನಡೆದು, ಕೈ ಮೇಲೆತ್ತಿ ಹಾ ಹಾ ಎಂದು ಸುಳ್ಳು ನಗು ನಕ್ಕು, ಆಮೇಲೆ ಬೆಂಚಿನ ಮೇಲೆ ಕುಳಿತು ಔಷಧಿಯ ಮಾತು. ಒಬ್ಬರು ಸೋರೆಕಾಯಿ ಜ್ಯೂಸು, ಇನ್ನೊಬ್ಬರು ರಾತ್ರಿ ನೆನೆಸಿದ ಮೆಂತ್ಯ, ಮತ್ತೊಬ್ಬರು ಅಶ್ವಗಂಧ. ಎಲ್ಲರ ಮೊಬೈಲಿನಲ್ಲೂ ದಿನಕ್ಕೆ ಹತ್ತು ಮೆಸೇಜು. ಇದು ತಿಂದರೆ ಮುಪ್ಪಿಲ್ಲ, ಅದು ಬಿಟ್ಟರೆ ಸಾವಿಲ್ಲ. ಆ ಗುಂಪಿನಲ್ಲಿ ಭಾವನಿಗೆ ವಯಸ್ಸು ಎಲ್ಲರಿಗಿಂತ ಹೆಚ್ಚು, ನಡಿಗೆ ಎಲ್ಲರಿಗಿಂತ ಜೋರು. ಎಲ್ಲರೂ ಕೇಳುವವರೇ, "ಅಂಕಲ್, ರಾಜ್ ಕ್ಯಾ ಹೈ?"

ಅವರು ಒಬ್ಬೊಬ್ಬರಿಗೆ ಒಂದೊಂದು ಗುಟ್ಟು ಹೇಳುತ್ತಿದ್ದರು. ಗುಜರಾತಿ ಮುದುಕನಿಗೆ ಹಿಂದೆ ಹಿಂದೆ ನಡೆಯಲು ಹೇಳಿದರು. ಆತ ಎರಡು ವಾರ ಹಾಗೆ ನಡೆದು ಪಾರಿವಾಳಕ್ಕೆ ಕಾಳು ಹಾಕುವ ಹೆಂಗಸಿನ ಬುಟ್ಟಿಗೆ ಬಿದ್ದ. ಮರಾಠಿ ಹೆಂಗಸು ಪಾಟೀಲ್ ಮಾವ್ಶಿಗೆ ಹಲ್ಲುಜ್ಜುವಾಗ ಒಂಟಿ ಕಾಲಿನಲ್ಲಿ ನಿಲ್ಲಲು ಹೇಳಿದರು. ಹೋಟೆಲಿನ ಶೆಟ್ಟರಿಗೆ ಲಿಫ್ಟ್ ಹತ್ತಬೇಡಿ ಎಂದರು. ಮೂವರೂ ತಾವೊಬ್ಬರೇ ಗುಟ್ಟು ಬಲ್ಲವರೆಂದು ಬೀಗುತ್ತಿದ್ದರು. ನನಗೆ ಅವರ ಆಟ ಗೊತ್ತಿತ್ತು, ಬಾಯಿಗೆ ಸೆರಗು ಒತ್ತಿ ನಗುತ್ತಿದ್ದೆ. ಆಗ ನಗಬಾರದಿತ್ತು.

ನಮ್ಮವರ ವಿಷಯ ಹೇಳಬೇಕು. ರೈಲ್ವೆಯಲ್ಲಿ ಗುಮಾಸ್ತರಾಗಿದ್ದವರು. ಹಾರ್ಬರ್ ಲೈನಿನ ಸ್ಟೇಷನ್ನುಗಳನ್ನು ಮೊದಲಿನಿಂದ ಕೊನೆಗೆ, ಕೊನೆಯಿಂದ ಮೊದಲಿಗೆ ಒಂದೇ ಉಸಿರಿನಲ್ಲಿ ಹೇಳುವವರು. ಅವರಿಗೆ ಸಾವಿನ ಭಯವಿಲ್ಲ, ಮರೆವಿನ ಭಯ. ಅವರ ಅಕ್ಕ ಕೊನೆಯ ಐದು ವರ್ಷ ಯಾರ ಗುರುತೂ ಹತ್ತದೆ, ತಮ್ಮನನ್ನೇ "ನೀವು ಯಾರು? ಊಟ ಮಾಡಿ ಹೋಗಿ" ಎಂದು ಉಪಚರಿಸಿ ಹೋದವರು. ಅದನ್ನು ನೋಡಿ ಬಂದ ಮೇಲೆ ಇವರಿಗೆ ಕನ್ನಡಕ ಎಲ್ಲಿಟ್ಟೆ ಎಂದು ಒಂದು ನಿಮಿಷ ಹೊಳೆಯದಿದ್ದರೂ ಮುಖ ಬಿಳಿಚಿಕೊಳ್ಳುತ್ತಿತ್ತು. "ಬೇರೆ ಏನು ಬೇಕಾದ್ರೂ ಬರ್ಲಿ ಮಾರಾಯ್ತಿ, ಅದೊಂದು ಬೇಡ" ಎನ್ನುತ್ತಿದ್ದರು.

ಇದು ನಾಲ್ಕು ವರ್ಷದ ಹಿಂದಿನ ಮಾತು. ಇವರಿಗೆ ಎಪ್ಪತ್ತನಾಲ್ಕು, ಭಾವನಿಗೆ ಎಂಬತ್ತೊಂದು ಎಂದು ನಾವೆಲ್ಲ ತಿಳಿದಿದ್ದೆವು. ಒಂದು ಬೆಳಿಗ್ಗೆ ಗಾರ್ಡನ್ನಿನಲ್ಲಿ ಇವರು ಅವರ ಕೈ ಹಿಡಿದುಕೊಂಡು ಕೇಳಿದರು. ನಾನು ಎರಡು ಹೆಜ್ಜೆ ಹಿಂದೆ ಇದ್ದೆ.

"ಅಣ್ಣಾ, ತಮಾಷೆ ಸಾಕು. ನಂಗೊಬ್ಬನಿಗೆ ನಿಜ ಹೇಳಿ. ಎಂತ ಮಾಡ್ತೀರಿ ನೀವು?"

ಭಾವ ಒಂದು ಕ್ಷಣ ಮರ ನೋಡಿದರು. ಆಮೇಲೆ ದನಿ ತಗ್ಗಿಸಿ, "ಹೇಳ್ತೇನೆ, ಯಾರಿಗೂ ಹೇಳ್ಬೇಡ. ನಾನು ಉಪ್ಪು ಬಿಟ್ಟು ಮೂವತ್ತು ವರ್ಷ ಆಯ್ತು. ಬೆಳಿಗ್ಗೆಯಿಂದ ಸಂಜೆವರೆಗೆ ಬಿಸಿನೀರು ಕುಡಿಯುದು. ಅಷ್ಟೇ" ಎಂದರು. ಆ ತಗ್ಗಿದ ದನಿ ಕೇಳಿ, ಈ ಸಲ ನಿಜವೇ ಹೇಳಿದರೆಂದು ನಾನೂ ನಂಬಿದೆ.

ಮರುದಿನದಿಂದ ನಮ್ಮ ಮನೆಯಲ್ಲಿ ಎರಡು ಪಾತ್ರೆಯಲ್ಲಿ ಸಾರು. ನನ್ನದಕ್ಕೆ ಉಪ್ಪು, ಅವರದ್ದಕ್ಕೆ ಇಲ್ಲ. ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆಗೆ ಚಿಟಿಕೆ ಉಪ್ಪು, ಎಲ್ಲ ಬಂದ್. ದಿನಕ್ಕೆ ಐದು ಬಾಟಲಿ ಬಿಸಿನೀರು ಗಟಗಟ. ನಾನು ಬೇಡವೆನ್ನಲಿಲ್ಲ, ಒಳಗೊಳಗೇ ಖುಷಿಯೇ ಆಯಿತು. ಇವರಿಗೆ ಬಿಪಿ ಇದೆ, ಮಾತ್ರೆ ನಡೆಯುತ್ತಿದೆ, ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರು ಹೇಳುತ್ತಲೇ ಇದ್ದರು. ಡಾಕ್ಟರು ಹೇಳಿದ್ದು ಕಡಿಮೆ ಮಾಡಿ ಎಂದು. ಇವರು ಪೂರ್ತಿಯೇ ಬಿಟ್ಟರು. ಆ ವ್ಯತ್ಯಾಸ ಮಕ್ಕಳ ಉತ್ತರಪತ್ರಿಕೆಯಲ್ಲಾದರೆ ನನಗೆ ತಕ್ಷಣ ಕಾಣುತ್ತಿತ್ತು.

ಮೊದಲು ಮೈ ಹಗುರವಾಯಿತು ಎಂದು ಕುಣಿದರು. ಆಮೇಲೆ ಏಪ್ರಿಲ್ ಬಿಸಿಲು ಏರುತ್ತಾ ಬಂದಂತೆ ಮಧ್ಯಾಹ್ನವೆಲ್ಲ ತೂಕಡಿಕೆ. ನಡೆಯುವಾಗ ಗೋಡೆ ಹಿಡಿಯತೊಡಗಿದರು. ಒಂದು ದಿನ ಗ್ಯಾಸು ಹಾಗೇ ಬಿಟ್ಟಿದ್ದರು. ಇನ್ನೊಂದು ದಿನ ಬಚ್ಚಲಿನಿಂದ ಟವೆಲ್ ಕೇಳುತ್ತಾ ನನ್ನನ್ನು ಅವರ ಅಕ್ಕನ ಹೆಸರಿನಿಂದ ಕೂಗಿದರು. ನಾನು ಟವೆಲ್ ಕೊಟ್ಟು, ಅಡುಗೆಮನೆಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು ಅತ್ತೆ.

ಆಮೇಲೆ ಕುರ್ಲಾ. ಪ್ರತಿ ಶನಿವಾರ ಇವರು ಮಾಟುಂಗಕ್ಕೆ ಹೋಗಿ ಕುಚ್ಚಲಕ್ಕಿ, ಮಂಗಳೂರು ಸೌತೆ, ಬಾಳೆಎಲೆ ತರುವುದು ವಾಡಿಕೆ. ಚೆಂಬೂರಿನಿಂದ ಹತ್ತಿ ಕುರ್ಲಾದಲ್ಲಿ ಗಾಡಿ ಬದಲಿಸಿದರಾಯಿತು, ಸಾವಿರ ಸಲ ಹೋದ ದಾರಿ. ಆ ಶನಿವಾರ ಕುರ್ಲಾದಲ್ಲಿ ಇಳಿದವರಿಗೆ ಮುಂದೆ ಯಾವ ಪ್ಲಾಟ್‌ಫಾರ್ಮ್ ಎಂದು ತಿಳಿಯಲಿಲ್ಲ. ಎರಡು ಗಂಟೆ ಸೇತುವೆಯ ಮೆಟ್ಟಿಲಲ್ಲಿ ಕೂತಿದ್ದರಂತೆ. ಯಾರೋ ಪುಣ್ಯಾತ್ಮರು ಇವರ ಮೊಬೈಲಿನಿಂದ ನನಗೆ ಫೋನು ಮಾಡಿದರು. ನಾನು ಹೋದಾಗ ಖಾಲಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ರೈಲ್ವೆಯ ಮನುಷ್ಯ! ನನ್ನನ್ನು ಕಂಡು, "ನಾವು ಎಲ್ಲಿಗೆ ಹೋಗ್ಬೇಕಿತ್ತು?" ಎಂದು ಕೇಳಿದರು.

ಮಲಾಡಿನಿಂದ ಮಗ ಓಡಿ ಬಂದ. ಅವನಿಗೆ ಕನ್ನಡ ಅರ್ಥವಾಗುತ್ತದೆ, ಆಡುವಾಗ ಹಿಂದಿ ಇಂಗ್ಲಿಷು ನುಗ್ಗುತ್ತವೆ. "ಅಮ್ಮಾ, ಪಪ್ಪಾಗೆ ಏಜ್ ಆಯ್ತು ನಾ. ಅತ್ತೆಗೆ ಆಗಿತ್ತಲ್ಲ, ವೋಹೀ ಹೈ. ಆಕ್ಸೆಪ್ಟ್ ಮಾಡ್ಬೇಕು" ಎಂದ. ಫ್ಯಾಮಿಲಿ ಡಾಕ್ಟರು ಮೆದುಳಿನ ಸ್ಕ್ಯಾನಿಗೆ ಬರೆದುಕೊಟ್ಟರು. ಯಾವ ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ ಎಂದು ಕೇಳಿದರು, ನಾನು ಪಟ್ಟಿ ಒಪ್ಪಿಸಿದೆ. ಉಪ್ಪು ಬಿಟ್ಟ ವಿಷಯ ಹೇಳಲಿಲ್ಲ. ಉಪ್ಪು ಬಿಡುವುದು ಒಂದು ಔಷಧಿ ಎಂದು ನನಗೆ ಅನಿಸಿಯೇ ಇರಲಿಲ್ಲ. ಬುಧವಾರಕ್ಕೆ ಸ್ಕ್ಯಾನು ಎಂದು ನಿಗದಿಯಾಯಿತು. ಅಲ್ಲಿಯವರೆಗೆ ನಾನು ಇವರ ಪಕ್ಕ ಕೂತು, ಇನ್ನು ಎಷ್ಟು ದಿನ ನನ್ನ ಗುರುತು ಹತ್ತುತ್ತದೆ ಎಂದು ಮುಖ ನೋಡುತ್ತಿದ್ದೆ. ಬೇರೇನೂ ಮಾಡಲು ತೋಚುತ್ತಿರಲಿಲ್ಲ.

ಸೋಮವಾರ ಊಟದ ಹೊತ್ತಿಗೆ ಭಾವ ಬಂದರು. ಮಗಳ ಅತ್ತೆ ಮನೆಯ ಮದುವೆಗೆ ಊರಿಗೆ ಹೋಗಿ ಎರಡು ತಿಂಗಳು ಅಲ್ಲೇ ಉಳಿದಿದ್ದವರು, ಅವತ್ತೇ ಬಂದು ಸುದ್ದಿ ಕೇಳಿ ಮೇಲೆ ಹತ್ತಿದ್ದರು. ಮಲಗಿದ್ದ ನಮ್ಮವರ ತಲೆ ಸವರಿದರು. ಇವರು ಕಣ್ಣು ಬಿಟ್ಟು ನೋಡಿ ಮತ್ತೆ ಮುಚ್ಚಿಕೊಂಡರು. ಮಾತು ಹೊರಡದಿದ್ದಾಗ ಅವರು ಹೋಗುವ ಜಾಗ ಒಂದೇ. ಅಡುಗೆಮನೆಗೆ ಬಂದು, ಸಣ್ಣ ಪಾತ್ರೆಯ ಮುಚ್ಚಳ ತೆಗೆದು, ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿದರು.

"ತಂಗೀ, ಸಾರಿಗೆ ಉಪ್ಪು ಮರ್ತಿದ್ದಿ."

"ಮರ್ತದ್ದಲ್ಲ ಭಾವ, ಅದು ಅವರದ್ದು. ಉಪ್ಪಿಲ್ಲದ್ದು."

"ಯಾಕೆ?"

"ಯಾಕೆ ಅಂದ್ರೆ? ನೀವೇ ಹೇಳಿದ್ರಲ್ಲ ಗಾರ್ಡನ್ನಿನಲ್ಲಿ. ಆವತ್ತಿಂದ ಒಂದು ಹರಳು ಮುಟ್ಟಿಲ್ಲ. ಎರಡು ತಿಂಗಳ ಮೇಲಾಯ್ತು."

ಅವರ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. "ನೀರು?"

"ದಿನಕ್ಕೆ ಐದು ಬಾಟ್ಲಿ. ಅದೂ ನೀವು ಹೇಳಿದ್ದೇ."

"ಅಯ್ಯೋ ದೇವರೇ, ಎಂತ ಮಾಡಿಬಿಟ್ಟೆ ನಾನು" ಎಂದು ಅಲ್ಲೇ ಅಕ್ಕಿ ಡಬ್ಬದ ಮೇಲೆ ಕೂತುಬಿಟ್ಟರು. ಮರುಕ್ಷಣ ಎದ್ದರು. "ಸ್ಕ್ಯಾನು ಬುಧವಾರ ಆಮೇಲೆ ನೋಡುವ. ಈಗ್ಲೇ ಏಳಿಸು ಅವನನ್ನು. ಮಾಟುಂಗದ ಹೋಟೆಲಲ್ಲಿ ಮೇ ತಿಂಗಳಲ್ಲಿ ದೋಸೆ ಕಾವಲಿ ಮುಂದೆ ನಿಂತವರಿಗೆ ಹೀಗೆ ಆಗ್ತಿತ್ತು. ಬೆವರೆಲ್ಲ ಸುರಿದು ಹೋಗುದು, ಬರೀ ನೀರು ಕುಡಿಯುದು. ಆಮೇಲೆ ಮಸಾಲೆದೋಸೆ ಅಂದ್ರೆ ಇಡ್ಲಿ ಕೊಡ್ತಿದ್ರು, ಅವರ ಹೆಸರು ಕೇಳಿದ್ರೆ ಅವರಿಗೇ ಗೊತ್ತಿರ್ಲಿಲ್ಲ. ಅದಕ್ಕೇ ನಮ್ಮ ಅಡುಗೆ ಭಟ್ರು ಹನ್ನೊಂದು ಗಂಟೆಗೆ ಒಬ್ಬೊಬ್ಬರಿಗೂ ಉಪ್ಪು ಹಾಕಿದ ಗಂಜಿ ಕುಡಿಸ್ತಿದ್ದದ್ದು. ಕುಡಿಯದೆ ಕಾವಲಿ ಮುಟ್ಟಲಿಕ್ಕೆ ಬಿಡ್ತಿರ್ಲಿಲ್ಲ."

"ಹಾಗಾದ್ರೆ ಈಗ ಸ್ವಲ್ಪ ಉಪ್ಪುನೀರು ಕೊಡುವುದಾ?" ಎಂದೆ.

"ಬೇಡ ಬೇಡ. ಬಿಪಿ ಮಾತ್ರೆ ತಿನ್ನುವ ಮನುಷ್ಯ, ನಾನು ಅಡುಗೆಯವ. ಇನ್ನೊಂದು ಸಲ ನನ್ನ ಮಾತು ಕೇಳಿ ಕೆಡಬೇಡಿ. ಡಾಕ್ಟರಿಗೆ ಉಪ್ಪು ಬಿಟ್ಟದ್ದು ಹೇಳು, ನೀರಿನದ್ದು ಹೇಳು. ರಕ್ತ ನೋಡ್ಲಿ."

ಲಿಫ್ಟ್ ಅವತ್ತೂ ಕೆಟ್ಟಿತ್ತು. ನಮ್ಮವರ ಭಾರವನ್ನೆಲ್ಲ ತನ್ನ ಹೆಗಲ ಮೇಲೆ ಹಾಕಿಕೊಂಡು ಆ ಮನುಷ್ಯ ನಾಲ್ಕು ಮಹಡಿ ಇಳಿಸಿದರು. ರಿಕ್ಷಾದಲ್ಲಿ ಹತ್ತಿರದ ನರ್ಸಿಂಗ್ ಹೋಮಿಗೆ ಹೋದೆವು. ಅಲ್ಲಿದ್ದ ಎಳೇ ಡಾಕ್ಟರಮ್ಮ ನಾನು ಹೇಳಿದ್ದನ್ನೆಲ್ಲ ಕೇಳಿ, ರಕ್ತ ತೆಗೆಸಿ, ಒಂದು ಗಂಟೆಯಲ್ಲಿ ಕಾಗದ ಹಿಡಿದು ಬಂದಳು. "ಆಂಟೀ, ಸೋಡಿಯಂ ಬಹುತ್ ಕಮ್ ಹೈ. ದಿಮಾಗ್ ಉಸೀ ಸೇ ಸುಸ್ತ್ ಹೈ. ಅಚ್ಛಾ ಹುವಾ ಆಜ್ ಲಾಯೇ." ಉಪ್ಪು ಬಿಟ್ಟದ್ದು, ಅಷ್ಟು ನೀರು, ಅದರ ಮೇಲೆ ಮೂತ್ರ ಹೆಚ್ಚು ಹೋಗಿಸುವ ಬಿಪಿ ಮಾತ್ರೆ, ಮೂರೂ ಸೇರಿ ರಕ್ತದಲ್ಲಿ ಉಪ್ಪಿನಂಶ ತೀರಾ ಇಳಿದು ಮೆದುಳು ಮಂಕಾಗಿದೆ ಎಂದು ವಿವರಿಸಿದಳು. ಒಮ್ಮೆಗೇ ಏರಿಸಿದರೆ ಅಪಾಯ, ನಿಧಾನವಾಗಿ ಏರಿಸಬೇಕು, ಮೂರು ನಾಲ್ಕು ದಿನ ಇಲ್ಲೇ ಇರಲಿ ಎಂದಳು. "ಸರಿಹೋಗ್ತಾರಾ?" ಎಂದು ನಾನು ಕನ್ನಡದಲ್ಲೇ ಕೇಳಿದೆ. ಅವಳಿಗೆ ಹೇಗೋ ಅರ್ಥವಾಯಿತು. ಹೆಚ್ಚಾಗಿ ಸರಿಹೋಗುತ್ತಾರೆ ಎಂದು ನನ್ನ ಕೈ ಒತ್ತಿದಳು.

ಮೊದಲ ಎರಡು ದಿನ ಭಾವ ಆಸ್ಪತ್ರೆಯ ಕಾರಿಡಾರಿನ ಬೆಂಚು ಬಿಟ್ಟು ಕದಲಲಿಲ್ಲ. ನನಗೆ ಅವರ ಮುಖ ನೋಡಿದರೆ ಸಿಟ್ಟು. ಎರಡನೇ ದಿನ ಮಧ್ಯಾಹ್ನ ಅದು ಒಡೆಯಿತು.

"ನೀವು ಮೂವತ್ತು ವರ್ಷದಿಂದ ಉಪ್ಪಿಲ್ಲದೆ ಬದುಕಿದ್ದೀರಲ್ಲ, ನಿಮಗೆ ಎಂತ ಆಗ್ಲಿಲ್ಲ? ಇವರಿಗೆ ಮಾತ್ರ ಯಾಕೆ?"

"ನಾನು ಉಪ್ಪು ಬಿಟ್ಟವನೇ ಅಲ್ಲ ತಂಗಿ. ಇವತ್ತಿಗೂ ಹನ್ನೊಂದು ಗಂಟೆಗೆ ಗಂಜಿ, ಉಪ್ಪು, ಒಂದು ಚೂರು ಮಿಡಿ ಉಪ್ಪಿನಕಾಯಿ."

"ಮತ್ತೆ ಯಾಕೆ ಹೇಳಿದ್ರಿ? ಬುದ್ಧಿ ಉಂಟಾ ನಿಮಗೆ? ಎಂಬತ್ತೊಂದು ವರ್ಷ ಯಾವ ಪುರುಷಾರ್ಥಕ್ಕೆ ಆಯ್ತು? ಇವರು ನಿಮ್ಮನ್ನು ದೇವರ ಹಾಗೆ ನಂಬ್ತಾರೆ!" ಐದನೇ ಕ್ಲಾಸಿನ ಪೋಕರಿಗಳನ್ನು ಬೈದ ಹಾಗೆ ಬೈದೆ. ನರ್ಸು ಬಂದು ಶ್ ಎಂದಳು.

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ಗಂಜಿ ಅಂತ ಹೇಳಿದ್ರೆ ಯಾರೂ ನಂಬುದಿಲ್ಲ. ಜನಕ್ಕೆ ಏನಾದ್ರೂ ಬಿಡ್ಬೇಕು, ಕಷ್ಟ ಪಡ್ಬೇಕು, ಆಗ ಅದು ಮದ್ದು. ಇವನು ಕೈ ಹಿಡಿದು ಕೇಳಿದ. ನಿಜ ಹೇಳ್ಳಿಕ್ಕೆ ಬಾಯಿ ಬರ್ಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ. ಎರಡು ದಿನ ಮಾಡಿ ಬಿಡ್ತಾನೆ ಅಂದುಕೊಂಡಿದ್ದೆ."

"ಏನು ಅಂಥ ನಿಜ?"

ಅವರು ಆಚೀಚೆ ನೋಡಿದರು. "ನನಗೆ ಎಂಬತ್ತೊಂದಲ್ಲ. ಎಪ್ಪತ್ತಮೂರು."

ನಾನು ಮನಸ್ಸಿನಲ್ಲೇ ನಮ್ಮವರ ಎಪ್ಪತ್ತನಾಲ್ಕರ ಪಕ್ಕ ಅದನ್ನು ಬರೆದು ನೋಡಿದೆ. ಅವರು ಹೇಳಿದ ಕತೆ ಇಷ್ಟು. ಹನ್ನೆರಡನೇ ವಯಸ್ಸಿಗೆ ಮಾಟುಂಗದ ಹೋಟೆಲಿಗೆ ಬಂದವರಿಗೆ ಹದಿನೇಳಕ್ಕೆ ಫ್ಯಾಕ್ಟರಿಯ ಕ್ಯಾಂಟೀನಿನ ಕೆಲಸ ಕಣ್ಣೆದುರು ಬಂತು. ಪರ್ಮನೆಂಟ್ ಕೆಲಸ. ಆದರೆ ಹದಿನೆಂಟು ತುಂಬಿರಬೇಕು, ಏಳನೇ ಕ್ಲಾಸು ಪಾಸಾಗಿರಬೇಕು. ಇವರು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವರು. ಊರಿನಲ್ಲಿ ಎಂಟು ವರ್ಷ ದೊಡ್ಡ ಅಣ್ಣನೊಬ್ಬನಿದ್ದ, ಏಳನೇ ಕ್ಲಾಸು ಮುಗಿಸಿ, ಜ್ವರ ಬಂದು ತೀರಿಹೋಗಿದ್ದ. ಅವನ ಸರ್ಟಿಫಿಕೇಟನ್ನು ಅಮ್ಮ ಪೆಟ್ಟಿಗೆಯಲ್ಲಿ ಸೀರೆಯ ಮಡಿಕೆಯೊಳಗೆ ಇಟ್ಟುಕೊಂಡಿದ್ದಳು. ಅದನ್ನು ತೆಗೆದುಕೊಟ್ಟು, "ಅವನ ಆಯುಸ್ಸೂ ನೀನೇ ತಕೋ" ಎಂದಳಂತೆ. ಆವತ್ತಿನಿಂದ ಹೆಸರೂ ಅಣ್ಣನದು, ವಯಸ್ಸೂ ಅಣ್ಣನದು. ರೇಷನ್ ಕಾರ್ಡು, ಬ್ಯಾಂಕು, ಮದುವೆ ಕಾಗದ, ಎಲ್ಲದರಲ್ಲೂ ಅದೇ. ಐವತ್ತೆಂಟಕ್ಕೆ ನಿವೃತ್ತಿ ಎಂದು ಫ್ಯಾಕ್ಟರಿಯವರು ಹಾರ ಹಾಕಿ ಕಳಿಸಿದಾಗ ಅವರಿಗೆ ನಿಜವಾಗಿ ಐವತ್ತು. ಹೆಂಡತಿಗೆ ಮಾತ್ರ ಗೊತ್ತಿತ್ತು, ಮಗಳಿಗೂ ಗೊತ್ತಿಲ್ಲ.

"ನಿವೃತ್ತಿ ದಿವಸ ಎಲ್ಲರೂ, ಎಷ್ಟು ಗಟ್ಟಿ ಇದ್ದೀರಿ, ಎಷ್ಟು ಗಟ್ಟಿ ಇದ್ದೀರಿ ಅಂತ. ಆಮೇಲೆ ಅದೇ ಶುರುವಾಯ್ತು. ಗುಟ್ಟು ಎಂತ, ಗುಟ್ಟು ಎಂತ. ಎಂಟು ವರ್ಷ ಕಮ್ಮಿ, ಅದೇ ಗುಟ್ಟು. ಅದನ್ನು ಹೇಗೆ ಹೇಳುದು?"

ನನಗೆ ಏನಾಯಿತೋ. ಹೊಟ್ಟೆಯ ಆಳದಿಂದ ನಗು ಎದ್ದು ಬಂತು. ಎರಡು ತಿಂಗಳು ಕಟ್ಟಿಟ್ಟದ್ದೆಲ್ಲ ಒಡೆದುಕೊಂಡು, ಕಣ್ಣಲ್ಲಿ ನೀರು ಸುರಿಯುವ ಹಾಗೆ ನಕ್ಕೆ. ಆ ಗುಜರಾತಿ ಮುದುಕ ಪಾರಿವಾಳದ ಬುಟ್ಟಿಗೆ ಬಿದ್ದದ್ದು ನೆನಪಾಗಿ ಮತ್ತೆ ನಕ್ಕೆ. ಅವರೂ ಮೊದಲು ಹೆದರಿ, ಆಮೇಲೆ ಮೆಲ್ಲಗೆ ನಗತೊಡಗಿದರು. ನರ್ಸು ಮತ್ತೆ ಬಂದಳು, ಈ ಸಲ ನಮ್ಮನ್ನು ಹೊರಗೇ ಕಳಿಸಿದಳು. ಹೊರಗೆ ನಿಂತು ಅವರು, "ಊರಿಗೆ ಗೊತ್ತಾಗುದು ಬೇಡ. ನಾನಿರುವವರೆಗೆ ಅವನಿಗೂ ಹೇಳ್ಬೇಡಿ. ಅಣ್ಣ ಅಂತ ಕರೀತಾನೆ. ಅದೊಂದು ಇರ್ಲಿ" ಎಂದರು. ನಾನು ಆಗಲಿ ಎಂದೆ. ಅವರು 'ಹೇಳ್ಬೇಡಿ' ಎಂದು ಬಹುವಚನದಲ್ಲಿ ಹೇಳಿದ್ದು ಮನೆಗೆ ಹೋದ ಮೇಲೆ ಹೊಳೆಯಿತು.

ಮೂರನೇ ದಿನ ಬೆಳಿಗ್ಗೆ ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ವಾರ್ಡಿಗೆ ಹೋದಾಗ ನಮ್ಮವರು ದಿಂಬಿಗೆ ಒರಗಿ ಕೂತಿದ್ದರು. ಪಕ್ಕದ ಮಂಚದವರನ್ನು ನೋಡಲು ಬಂದವರೊಬ್ಬರು ಮಾಟುಂಗಕ್ಕೆ ಹೇಗೆ ಹೋಗುವುದು ಎಂದು ಯಾರನ್ನೋ ಕೇಳುತ್ತಿದ್ದರು. ಇವರು ನಡುವೆ ಬಾಯಿ ಹಾಕಿದರು. "ಕುರ್ಲಾ ಮೇ ಉತರೋ. ಸ್ಲೋ ಪಕಡ್ನಾ. ಕುರ್ಲಾ, ಸಯನ್, ಮಾಟುಂಗ. ಫಾಸ್ಟ್ ಪಕಡಾ ತೋ ಸೀಧಾ ದಾದರ್ ಜಾಯೇಗಾ." ಆಮೇಲೆ ನನ್ನ ಕಡೆ ತಿರುಗಿ, "ಎಂತ ಬಾಯಿ ಬಿಟ್ಟುಕೊಂಡು ನಿಂತಿದ್ದಿ? ಕಾಫಿ ತಣ್ಣಗಾಗ್ತದೆ" ಎಂದು ಗದರಿದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಗದರಿಸಿಕೊಂಡು ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ. ಬಾಗಿಲ ಹೊರಗೆ ನಿಂತಿದ್ದ ಭಾವ ಗೋಡೆಗೆ ಹಣೆ ಒತ್ತಿ ನಿಂತುಬಿಟ್ಟರು. ಮಗನಿಗೆ ಫೋನು ಮಾಡಿ, "ಆಕ್ಸೆಪ್ಟ್ ಗೀಕ್ಸೆಪ್ಟ್ ಏನೂ ಬೇಡ, ನಿನ್ನ ಅಪ್ಪ ಟೈಮ್‌ಟೇಬಲ್ ಹೇಳ್ತಿದ್ದಾರೆ" ಎಂದೆ.

ಡಾಕ್ಟರಮ್ಮ ಮಾತ್ರೆ ಬದಲಿಸಿದಳು. ಉಪ್ಪು ಹದವಾಗಿರಲಿ, ನೀರು ಬಾಯಾರಿದಷ್ಟು ಸಾಕು ಎಂದಳು. ಪರಿಚಯವಾದ ಮೇಲೆ ಭಾವನ ಬಿಪಿಯನ್ನೂ ನೋಡಿ, "ಅಂಕಲ್, ಎಂಬತ್ತೊಂದಕ್ಕೆ ಇದು ಎಪ್ಪತ್ತರವರ ಬಿಪಿ" ಎಂದು ಹಿಂದಿಯಲ್ಲಿ ಆಶ್ಚರ್ಯಪಟ್ಟಳು. "ಇದ್ರೂ ಇರ್ಬಹುದು" ಎಂದು ಅವರು ನನ್ನ ಮುಖ ನೋಡದೆ ಹೇಳಿದರು.

ಆಮೇಲೆ ಅವರು ಗಾರ್ಡನ್ನಿನಲ್ಲಿ ಒಬ್ಬೊಬ್ಬರ ಹತ್ತಿರವೂ ಹೋಗಿ, ನಾನು ಹೇಳಿದ್ದು ಸುಳ್ಳು, ಬಿಟ್ಟುಬಿಡಿ ಎಂದು ಕೈ ಮುಗಿದರು. ಗುಜರಾತಿ ಮುದುಕ ಮುಂದೆ ಮುಂದೆ ನಡೆಯತೊಡಗಿದ. ಶೆಟ್ಟರು ಒಪ್ಪಲಿಲ್ಲ; ಮೆಟ್ಟಿಲು ಹತ್ತಿ ಹತ್ತಿ ಅವರ ಮಂಡಿನೋವು ಕಡಿಮೆಯಾಗಿತ್ತು. ಪಾಟೀಲ್ ಮಾವ್ಶಿ ಜಗಳಕ್ಕೇ ಬಂದರು. ಒಂಟಿ ಕಾಲಿನಲ್ಲಿ ನಿಂತು ನಿಂತು ತಾನು ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಲ್ಲುತ್ತೇನೆ, ಇದನ್ನು ಯಾಕೆ ಬಿಡಬೇಕು ಎಂದು. ಬಾಯಿಗೆ ಬಂದದ್ದು ಹೇಳಿದರೂ ಕೆಲವು ಸರಿಯೇ ಇದ್ದವು, ಪುಣ್ಯ. ಆಮೇಲೆ ಯಾರು ಗುಟ್ಟು ಕೇಳಿದರೂ ಅವರದು ಒಂದೇ ಉತ್ತರ: "ಗಂಜಿ ಕುಡೀರಿ. ಡಾಕ್ಟರನ್ನು ಕೇಳಿ ಕುಡೀರಿ." ಯಾರೂ ನಂಬಲಿಲ್ಲ.

ನಮ್ಮ ಮನೆಯಲ್ಲಿ ಹನ್ನೊಂದು ಗಂಟೆಗೆ ಗಂಜಿ ಶುರುವಾಯಿತು. ಭಾವ ಮೇಲೆ ಹತ್ತಿ ಬರುತ್ತಿದ್ದರು, ಇಬ್ಬರಿಗೂ ಬಡಿಸುತ್ತಿದ್ದೆ. ನಮ್ಮವರು ಕೈ ತೊಳೆಯಲು ಒಳಗೆ ಹೋದಾಗ ಒಮ್ಮೊಮ್ಮೆ ಅವರು ಬಟ್ಟಲು ಮುಂದೆ ಮಾಡಿ, ತಗ್ಗಿದ ದನಿಯಲ್ಲಿ, "ಅತ್ತಿಗೇ, ಇನ್ನೊಂದು ಸೌಟು" ಎನ್ನುತ್ತಿದ್ದರು. ಒಂದು ಸಲ ಅದು ಅವರ ಮಗಳ ಕಿವಿಗೆ ಬಿತ್ತು. "ಆಂಟೀ, ಅಪ್ಪಂಗ್ ಅರಳುಮರಳು. ನಿಮ್ಗೆ ಅತ್ತಿಗೆ ಅಂತಾರೆ" ಎಂದು ಅವಳು ನನ್ನ ಹತ್ತಿರ ಸಂಕಟ ತೋಡಿಕೊಂಡಳು. "ವಯಸ್ಸಾಯ್ತಲ್ಲಮ್ಮಾ, ಬಿಡು" ಎಂದೆ. ಭಾವ ಸಾರಿನ ಪಾತ್ರೆಯೊಳಗೆ ಮುಖ ಹುದುಗಿಸಿ ನಗುತ್ತಿದ್ದರು.

ಹೋದ ತಿಂಗಳು ಒಂದು ರಾತ್ರಿ ಊಟ ಮಾಡಿ ಮಲಗಿದ ಭಾವ ಏಳಲಿಲ್ಲ. ಹನ್ನೆರಡನೇ ದಿನ, ಒಂದು ಭಾನುವಾರ ಬೆಳಿಗ್ಗೆ ಸೊಸೈಟಿಯ ಆಫೀಸಿನಲ್ಲಿ ಶ್ರದ್ಧಾಂಜಲಿ ಸಭೆ ಇತ್ತು. ಎಂಬತ್ತೈದರ ತುಂಬು ಬಾಳು, ನಮಗೆಲ್ಲ ಅಷ್ಟು ಸಿಗಲಿ ಎಂದು ಎಲ್ಲರೂ ಹೇಳಿದರು. ಮನೆಗೆ ಬಂದು ಗಂಜಿ ಬಡಿಸುವಾಗ ಅಭ್ಯಾಸದಂತೆ ಮೂರು ಬಟ್ಟಲು ಇಟ್ಟೆ. ಮೂರನೆಯದನ್ನು ತೆಗೆಯಲು ಕೈ ಬರಲಿಲ್ಲ. ಅಲ್ಲೇ ಕೂತು ನಮ್ಮವರಿಗೆ ಎಲ್ಲ ಹೇಳಿದೆ. ಅಣ್ಣನ ಸರ್ಟಿಫಿಕೇಟು, ಎಂಟು ವರ್ಷ, ಆಸ್ಪತ್ರೆಯ ಬೆಂಚು.

ಅವರು ತಮ್ಮ ಗಂಜಿಯ ಬಟ್ಟಲನ್ನು ಬದಿಗೆ ಸರಿಸಿದರು. "ಹಾಗಾದ್ರೆ ಹೋಗುವಾಗ ಎಪ್ಪತ್ತೇಳು. ನನಗಿಂತ ಒಂದು ವರ್ಷ ಸಣ್ಣವ."

"ಹೌದು."

"ಹದಿನಾರು ದೀಪಾವಳಿ ಅವನ ಕಾಲಿಗೆ ಬಿದ್ದಿದ್ದೇನಲ್ಲೇ!" ಎಂದು ಜೋರಾಗಿ ನಕ್ಕರು. ಅವರ ಬಾಯಲ್ಲಿ ಅಣ್ಣ 'ಅವನು' ಆದದ್ದು ಆಗಲೇ. ನಗು ನಿಂತಿತು. ಲೆಕ್ಕ ಹಾಕುವಾಗಿನ ಹಾಗೆ ಹುಬ್ಬು ಗಂಟಿಕ್ಕಿದರು. "ಅಲ್ಲ, ಹದಿನಾರಲ್ಲ. ಹನ್ನೆರಡು."

"ಅದು ಹೇಗೆ?"

"ನಾನು ಆಸ್ಪತ್ರೆಯಿಂದ ಬಂದ ವರ್ಷ, ದೀಪಾವಳಿ ದಿವಸ, ಅವರ ಮನೆಯ ಹೊಸ್ತಿಲಲ್ಲಿ. ನಾನು ಬಗ್ಗುವ ಮೊದಲೇ ಅವನು ಬಗ್ಗಿದ. ನನ್ನ ಎರಡೂ ಕಾಲು ಮುಟ್ಟಿದ. ಅವನು ನೀಲಿ ಅಂಗಿ ಹಾಕಿದ್ದ, ನೀನು ಒಳಗೆ ಅವನ ಮಗಳ ಹತ್ರ ಚಕ್ಕುಲಿ ಮಾತಾಡ್ತಿದ್ದೆ. ಎಂತ ಬಿತ್ತು ಅಣ್ಣಾ ಅಂತ ನಾನೂ ನೆಲ ಹುಡುಕಿದೆ. ಎದ್ದು ನನ್ನ ಮುಖ ನೋಡಿ, 'ಎಂತ ಇಲ್ಲ ಅಣ್ಣಾ' ಅಂದ. ಆಮೇಲೆ ಪ್ರತಿ ವರ್ಷವೂ ಹಾಗೇ, ಏನಾದ್ರೂ ಬೀಳುದು, ಹೆಕ್ಕುದು. ನನಗೆ ಬಗ್ಗಲಿಕ್ಕೆ ಬಿಡ್ಲೇ ಇಲ್ಲ. ಪಾಪ, ವಯಸ್ಸಾಯ್ತು ಅಂತ ನಾನು ಸುಮ್ಮನಿದ್ದೆ."

ನೀಲಿ ಅಂಗಿ ನನಗೆ ನೆನಪಿರಲಿಲ್ಲ. ಚಕ್ಕುಲಿಯೂ ನೆನಪಿರಲಿಲ್ಲ. ಅವರಿಗೆ ಎಲ್ಲ ನೆನಪಿತ್ತು. ಅವರು ಮೂರನೆಯ ಬಟ್ಟಲನ್ನು ತಮ್ಮ ಹತ್ತಿರ ಎಳೆದುಕೊಂಡು, "ತಮ್ಮನದ್ದೂ ನಾನೇ ಕುಡೀತೇನೆ. ಚಿಟಿಕೆ ಉಪ್ಪು ಹಾಕು" ಎಂದರು.